ರಿಪೇರಿಗೆ ಮೊದಲು ಮಹಜರು: ವಿಂಡೋಸ್ ಜೊತೆಗೇ ಬರುವ ತಪಾಸಣಾ ಸಾಧನಗಳು

ನಮ್ಮೂರಿನ ಸಹಕಾರ ಸಂಘದ ಕಚೇರಿಯಲ್ಲಿರುವ ಡೆಸ್ಕ್‌ಟಾಪ್ ಕಂಪ್ಯೂಟರ್, ಮುಂಗಾರಿನ ಬೆಳೆ ಸಾಲದ ಗಡಿಬಿಡಿಯಲ್ಲಿ, ಕೌಂಟರಿನ ಮುಂದೆ ಹತ್ತಾರು ಜನ ನಿಂತಿರುವಾಗಲೇ ಇದ್ದಕ್ಕಿದ್ದಂತೆ ಆಫ್ ಆಗತೊಡಗಿತು. ಮೊದಲು ಬಂದ ರಿಪೇರಿಯವರು ರ‍್ಯಾಮ್ ಬದಲಿಸಿದರು. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಹಾಡು. ಎರಡನೆಯವರು ವೈರಸ್ ಇರಬೇಕೆಂದು ಹೇಳಿ ಇಡೀ ಯಂತ್ರವನ್ನು ಫಾರ್ಮ್ಯಾಟ್ ಮಾಡಿದರು. ಪ್ರಿಂಟರಿನ ಡ್ರೈವರ್, ನುಡಿ ತಂತ್ರಾಂಶ, ಲೆಕ್ಕಪತ್ರದ ತಂತ್ರಾಂಶ ಎಲ್ಲವನ್ನೂ ಹೊಸದಾಗಿ ಹಾಕಲು ಎರಡು ದಿನ ಹಿಡಿಯಿತು, ಮೂರನೆಯ ದಿನ ಕಂಪ್ಯೂಟರ್ ಪುನಃ ಆಫ್ ಆಯಿತು. ನನ್ನನ್ನು ಕರೆದದ್ದು ಇಷ್ಟೆಲ್ಲ ಆದ ಮೇಲೆ. ರ‍್ಯಾಮಿಗೆ ಹೋದ ಹಣಕ್ಕಿಂತ ಹೆಚ್ಚಾಗಿ ನನಗೆ ನೋವಾದದ್ದು, ಹಿಂದಿನ ಎರಡು ತಿಂಗಳುಗಳಲ್ಲಿ ಆ ಯಂತ್ರ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡಿದ್ದ ದಾಖಲೆಯೆಲ್ಲ ಆ ಫಾರ್ಮ್ಯಾಟ್‌ನಲ್ಲಿ ಅಳಿಸಿಹೋದದ್ದಕ್ಕೆ. ಕಳವಾದ ಮನೆಯನ್ನು ಪೊಲೀಸರು ಮಹಜರಿಗೆ ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗಾಗಿತ್ತು.

ಶಾಲೆ, ಸಂಘ, ಸಣ್ಣ ಅಂಗಡಿಗಳ ಕಂಪ್ಯೂಟರ್‌ಗಳನ್ನು ಹಲವು ವರ್ಷಗಳಿಂದ ನೋಡಿಕೊಂಡು ಬಂದಿರುವ ನಾನು ಇಲ್ಲಿ ವಿಮರ್ಶಿಸಲು ಹೊರಟಿರುವುದು ದುಡ್ಡು ಕೊಟ್ಟು ಕೊಳ್ಳಬೇಕಾದ ಸರಕನ್ನಲ್ಲ. ವಿಂಡೋಸ್ 10 ಅಥವಾ 11 ಇರುವ ಪ್ರತಿಯೊಂದು ಯಂತ್ರದಲ್ಲೂ ಈಗಾಗಲೇ ಇರುವ, ಆದರೆ ಬಹುಪಾಲು ಬಳಕೆದಾರರು ಒಮ್ಮೆಯೂ ತೆರೆಯದ ಕೆಲವು ತಪಾಸಣಾ ಸಾಧನಗಳನ್ನು, ಅವುಗಳ ಜೊತೆಗೆ ಹೊರಗಿನಿಂದ ತಂದುಕೊಳ್ಳಲೇಬೇಕಾದ ಒಂದೇ ಒಂದು ಉಚಿತ ತಂತ್ರಾಂಶವನ್ನು ಕುರಿತು ಈ ಬರಹ. ಯಂತ್ರವನ್ನು ಬಿಚ್ಚುವ ಮೊದಲು, ಭಾಗ ಬದಲಿಸುವ ಮೊದಲು, ಮುಖ್ಯವಾಗಿ ಫಾರ್ಮ್ಯಾಟ್ ಎಂಬ ಮಾತು ಎತ್ತುವ ಮೊದಲು, ಯಂತ್ರ ಏನು ಹೇಳುತ್ತಿದೆ ಎಂಬುದನ್ನು ಸಂಗ್ರಹಿಸಿಟ್ಟುಕೊಳ್ಳಬೇಕು ಎಂಬುದು ನನ್ನ ದೃಢವಾದ ನಿಲುವು.

ಇವುಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ರಿಲಯಬಿಲಿಟಿ ಮಾನಿಟರ್. ವಿಂಡೋಸ್ ವಿಸ್ಟಾದ ಕಾಲದಲ್ಲೇ ಬಂದ ಈ ಸಾಧನ ಇಂದಿಗೂ ಕಂಟ್ರೋಲ್ ಪ್ಯಾನೆಲ್ಲಿನ ಮೂಲೆಯೊಂದರಲ್ಲಿ ಅಡಗಿ ಕುಳಿತಿದೆ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂಬ ಇಂಗ್ಲಿಷ್ ಪದವನ್ನು ಟೈಪಿಸಿದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಎಂಬ ಸಾಲು ಕಾಣಿಸುತ್ತದೆ. ತೆರೆದೊಡನೆ ದಿನಕ್ಕೊಂದು ಕಂಬದಂತೆ ಪಂಚಾಂಗದ ಮಾದರಿಯ ಕೋಷ್ಟಕ ಬರುತ್ತದೆ. ಅದರ ಮೇಲ್ಭಾಗದಲ್ಲಿ 1ರಿಂದ 10ರವರೆಗಿನ ಸ್ಥಿರತೆಯ ಸೂಚ್ಯಂಕ ನೀಲಿ ಗೆರೆಯಾಗಿ ಏರಿಳಿಯುತ್ತದೆ. ಕೆಳಗಿನ ಸಾಲುಗಳಲ್ಲಿ ತಂತ್ರಾಂಶಗಳು ಕುಸಿದ ದಿನ, ವಿಂಡೋಸ್ ಕುಸಿದ ದಿನ, ಇತರ ವೈಫಲ್ಯಗಳ ದಿನ ಕೆಂಪು ಗುರುತಿನಲ್ಲಿ ಕಾಣುತ್ತವೆ; ಎಚ್ಚರಿಕೆಗಳಿಗೆ ಹಳದಿ ತ್ರಿಕೋನ, ಹೊಸದಾಗಿ ಹಾಕಿದ ತಂತ್ರಾಂಶ ಮತ್ತು ಅಪ್‌ಡೇಟ್‌ಗಳಿಗೆ ನೀಲಿ ಗುರುತು. ಈ ಸಾಧನದ ನಿಜವಾದ ಬೆಲೆ ಇರುವುದು ಕೆಂಪು ಮತ್ತು ನೀಲಿ ಒಂದೇ ಪುಟದಲ್ಲಿ ಅಕ್ಕಪಕ್ಕ ಕಾಣುವುದರಲ್ಲಿ. ಮಂಗಳವಾರ ಒಂದು ಡ್ರೈವರ್ ಅಪ್‌ಡೇಟ್ ಆಗಿದೆ, ಬುಧವಾರದಿಂದ ಪ್ರತಿದಿನ ಕೆಂಪು ಗುರುತು ಬಿದ್ದಿದೆ ಎಂದಾದರೆ ಎಲ್ಲಿಂದ ಹುಡುಕಾಟ ಶುರು ಮಾಡಬೇಕೆಂದು ತಂತ್ರಜ್ಞಾನದ ಗಂಧವಿಲ್ಲದವರಿಗೂ ಹೊಳೆಯುತ್ತದೆ.

ಸಂಘದ ಕಂಪ್ಯೂಟರಿನಲ್ಲಿ ಹಳೆಯ ಚರಿತ್ರೆ ಹೋಗಿತ್ತಾದ್ದರಿಂದ ನಾನು ಏನನ್ನೂ ಮುಟ್ಟದೆ, ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಆಫ್ ಆದ ವೇಳೆಯನ್ನೂ ಆಗ ಏನು ಮಾಡುತ್ತಿದ್ದರೆಂಬುದನ್ನೂ ಬರೆದಿಡುವಂತೆ ಗುಮಾಸ್ತರಿಗೆ ಹೇಳಿ ಬಂದೆ. ಎರಡು ವಾರದ ನಂತರ ರಿಲಯಬಿಲಿಟಿ ಮಾನಿಟರ್ ತೆರೆದಾಗ ಏಳು ಕೆಂಪು ಗುರುತುಗಳಿದ್ದವು, ಏಳೂ ‘ವಿಂಡೋಸ್ ಸರಿಯಾಗಿ ಸ್ಥಗಿತಗೊಂಡಿಲ್ಲ’ ಎಂಬ ಒಂದೇ ಬಗೆಯವು. ಒಂದು ತಂತ್ರಾಂಶವೂ ಕುಸಿದಿರಲಿಲ್ಲ, ವಿಂಡೋಸ್ ತಾನೇ ಕುಸಿದಾಗ ಕಾಣಿಸುವ ನೀಲಿ ಪರದೆ ಒಂದು ಸಲವೂ ದಾಖಲಾಗಿರಲಿಲ್ಲ. ಇದೇ ಮೊದಲ ಸುಳಿವು. ಮುಂದಿನ ಸುಳಿವಿಗೆ, ವಿಂಡೋಸ್ ಬರೆದಿಡುವ ಘಟನೆಗಳ ದಿನಚರಿಯನ್ನು ತೋರಿಸುವ ಇವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್ ಪವರ್ ಎಂಬ ಮೂಲದಿಂದ ಬಂದ 41ನೇ ಸಂಖ್ಯೆಯ ಘಟನೆಗಳನ್ನು ನೋಡಿದೆ.

ಈ 41ನೇ ಘಟನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಂಪ್ಯೂಟರ್ ತಾನಾಗಿಯೇ ಆಫ್ ಆಗುತ್ತದೆ ಎಂಬ ದೂರಿನಷ್ಟು ಸಾಮಾನ್ಯವಾದ ದೂರು ನಮ್ಮ ಕಡೆ ಇನ್ನೊಂದಿಲ್ಲ. ಹಿಂದಿನ ಬಾರಿ ವಿಂಡೋಸ್ ಕ್ರಮಬದ್ಧವಾಗಿ ಮುಚ್ಚಿಕೊಳ್ಳಲಿಲ್ಲ ಎಂಬುದಷ್ಟನ್ನೇ ಆ ಘಟನೆ ಹೇಳುತ್ತದೆ. ಆದರೆ ಅದರ ‘ಡೀಟೇಲ್ಸ್’ ಪುಟದಲ್ಲಿ ಎರಡು ಅಂಕೆಗಳಿರುತ್ತವೆ. ಬಗ್‌ಚೆಕ್ ಕೋಡ್ ಎಂಬುದರ ಎದುರು ಸೊನ್ನೆಯಲ್ಲದ ಅಂಕೆ ಇದ್ದರೆ ನೀಲಿ ಪರದೆ ಬಂದು ಯಂತ್ರ ನಿಂತಿದೆ ಎಂದರ್ಥ. ಈ ಅಂಕೆ ದಶಮಾನದಲ್ಲಿರುತ್ತದೆ, ಅದನ್ನು ಹದಿನಾರರ ಪದ್ಧತಿಗೆ (ಹೆಕ್ಸಾಡೆಸಿಮಲ್) ಬದಲಿಸಿಕೊಳ್ಳಬೇಕು. ಉದಾಹರಣೆಗೆ 159 ಎಂದಿದ್ದರೆ ಅದು 9ಎಫ್, ಅಂದರೆ ನಿದ್ರೆಗೆ ಹೋಗುವಾಗಲೋ ಏಳುವಾಗಲೋ ಯಾವುದೋ ಡ್ರೈವರ್ ತಡವರಿಸಿದೆ. ಪವರ್ ಬಟನ್ ಟೈಮ್‌ಸ್ಟ್ಯಾಂಪ್ ಎಂಬುದರ ಎದುರು ಅಂಕೆ ಇದ್ದರೆ ಯಾರೋ ಬಟನ್ನನ್ನು ಒತ್ತಿಹಿಡಿದು ಆರಿಸಿದ್ದಾರೆ. ಎರಡೂ ಸೊನ್ನೆಯಾಗಿದ್ದರೆ ಒಂದೋ ಯಂತ್ರಕ್ಕೆ ವಿದ್ಯುತ್ತೇ ತಪ್ಪಿದೆ, ಇಲ್ಲವೇ ಅದು ಬರೆದುಕೊಳ್ಳಲೂ ಆಗದಷ್ಟು ಗಟ್ಟಿಯಾಗಿ ಸಿಕ್ಕಿಹಾಕಿಕೊಂಡಿದೆ. ಸಂಘದ ಯಂತ್ರದಲ್ಲಿ ಏಳಕ್ಕೆ ಏಳೂ ಸೊನ್ನೆ. ಇನ್ನೊಂದು ಸೂಕ್ಷ್ಮ: 41ನೇ ಘಟನೆಯ ಮೇಲಿರುವ ವೇಳೆ ಯಂತ್ರ ಮತ್ತೆ ಆನ್ ಆದ ವೇಳೆಯೇ ಹೊರತು ಆಫ್ ಆದ ವೇಳೆಯಲ್ಲ. ಆಫ್ ಆದ ವೇಳೆ ಬೇಕಾದರೆ ಅದರ ಆಸುಪಾಸಿನಲ್ಲೇ ಇರುವ 6008ನೇ ಘಟನೆಯ ಒಕ್ಕಣೆಯನ್ನು ಓದಬೇಕು. ಆ ವೇಳೆಗಳನ್ನು ಗುಮಾಸ್ತರ ನೋಟ್‌ಬುಕ್ಕಿನ ಜೊತೆ ಇಟ್ಟು ನೋಡಿದಾಗ ಏಳರಲ್ಲಿ ಆರು ಸಲ ಒಂದೇ ಮಾತು ಬರೆದಿತ್ತು: ‘ಸಾಲದ ಪತ್ರ ಪ್ರಿಂಟ್ ಕೊಟ್ಟಾಗ’.

ಮೇಜಿನ ಕೆಳಗೆ ಬಗ್ಗಿ ನೋಡಿದರೆ ಲೇಸರ್ ಪ್ರಿಂಟರಿನ ಪ್ಲಗ್ ಕಂಪ್ಯೂಟರಿನ ಜೊತೆಗೆ ಅದೇ ಚಿಕ್ಕ ಯುಪಿಎಸ್‌ಗೆ ಸಿಕ್ಕಿಸಿತ್ತು. ಲೇಸರ್ ಪ್ರಿಂಟರ್ ಕಾಗದದ ಮೇಲಿನ ಪುಡಿಯನ್ನು ಕರಗಿಸಿ ಅಂಟಿಸಲು ತನ್ನೊಳಗಿನ ರೋಲರನ್ನು ಕಾಯಿಸುವಾಗ ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತದೆ. ಬ್ಯಾಟರಿ ಹಳೆಯದಾದ ಸಣ್ಣ ಯುಪಿಎಸ್ ಅದನ್ನು ತಾಳಲಾರದೆ ಕೈಬಿಡುತ್ತದೆ. ಪ್ರಿಂಟರಿನ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಬದಲಿಸಿದೆ. ಖರ್ಚು ಏನೂ ಇಲ್ಲ. ಅಲ್ಲಿಂದೀಚೆಗೆ ಆ ಕೋಷ್ಟಕದಲ್ಲಿ ಆ ಬಗೆಯ ಕೆಂಪು ಗುರುತು ಬಿದ್ದಿಲ್ಲ.

ಮೆಚ್ಚಿದ್ದೇನೆಂದ ಮಾತ್ರಕ್ಕೆ ರಿಲಯಬಿಲಿಟಿ ಮಾನಿಟರಿನ ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಅದು ತೆರೆದುಕೊಳ್ಳುವುದು ನಿಧಾನ, ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ತಾಳ್ಮೆ ಪರೀಕ್ಷಿಸುವಷ್ಟು ನಿಧಾನ. ಕರೆಂಟು ಹೋಗಿ ಆಫ್ ಆದದ್ದಕ್ಕೂ, ಬಿಸಿಯಾಗಿ ಆಫ್ ಆದದ್ದಕ್ಕೂ, ಪವರ್ ಸಪ್ಲೈ ಕೆಟ್ಟು ಆಫ್ ಆದದ್ದಕ್ಕೂ ಅದು ಹಾಕುವ ಕೆಂಪು ಗುರುತು ಒಂದೇ. ಸೂಚ್ಯಂಕ 3 ಎಂದು ಕಂಡ ಕೂಡಲೇ ಗಾಬರಿಯಾಗುವವರಿದ್ದಾರೆ. ಒಂದೇ ಹಾಳು ತಂತ್ರಾಂಶ ದಿನಕ್ಕೆ ನಾಲ್ಕು ಸಲ ಕುಸಿದರೂ ಆ ಗೆರೆ ನೆಲಕಚ್ಚುತ್ತದೆ, ಆದ್ದರಿಂದ ಅಂಕೆಗಿಂತ ಗುರುತುಗಳ ಸರಣಿಯನ್ನು ಓದುವುದು ಒಳ್ಳೆಯದು. ‘ಹಾರ್ಡ್‌ವೇರ್ ಎರರ್’ ಎಂಬ ತಲೆಬರಹವಂತೂ ದಾರಿ ತಪ್ಪಿಸುತ್ತದೆ. ಅದರಡಿ ‘ಲೈವ್ ಕರ್ನಲ್ ಇವೆಂಟ್’, ಸಂಖ್ಯೆ 141 ಎಂದಿದ್ದರೆ ಗ್ರಾಫಿಕ್ಸ್ ಭಾಗ ಸಕಾಲಕ್ಕೆ ಉತ್ತರಿಸಲಿಲ್ಲ ಎಂದು ಅರ್ಥ, ಅದಕ್ಕೆ ಹಳೆಯ ಡ್ರೈವರ್ ಕೂಡ ಕಾರಣವಾಗಿರಬಹುದು. ತಲೆಬರಹವನ್ನು ನಂಬಿ ಹೊಸ ಕಾರ್ಡ್ ಕೊಳ್ಳುವ ಅಗತ್ಯವಿಲ್ಲ. ಪುಟದ ಕೆಳಗಿರುವ ಕೊಂಡಿಯಿಂದ ಇಡೀ ಚರಿತ್ರೆಯನ್ನು ಎಕ್ಸ್‌ಎಂಎಲ್ ಕಡತವಾಗಿ ಉಳಿಸಿಕೊಳ್ಳಬಹುದೆಂಬುದು ದೊಡ್ಡ ಅನುಕೂಲ, ಫಾರ್ಮ್ಯಾಟ್ ಅನಿವಾರ್ಯವಾದಾಗಲಂತೂ ಇದನ್ನು ಮರೆಯಬಾರದು.

ಇವೆಂಟ್ ವ್ಯೂವರ್ ಇದಕ್ಕಿಂತ ಹಳೆಯ ಕಾಲದ್ದು. ಅದರ ಮೂಲ 1993ರ ವಿಂಡೋಸ್ ಎನ್‌ಟಿಯಲ್ಲಿದೆ. ಆಳವಾದ ಸಾಧನ, ಆದರೆ ಸಾಮಾನ್ಯ ಬಳಕೆದಾರರ ಕೈಗೆ ಅದನ್ನು ಹಾಗೇ ಕೊಡಲು ನಾನು ಹಿಂಜರಿಯುತ್ತೇನೆ. ಚೆನ್ನಾಗಿ ನಡೆಯುತ್ತಿರುವ ಯಂತ್ರದಲ್ಲೂ ಅದು ನೂರಾರು ದೋಷಗಳನ್ನು ತೋರಿಸುತ್ತದೆ. ಡಿಸ್ಟ್ರಿಬ್ಯೂಟೆಡ್‌ಕಾಮ್ ಹೆಸರಿನ 10016ನೇ ಘಟನೆಯನ್ನು ಲಕ್ಷಿಸಬೇಕಿಲ್ಲವೆಂದು ಮೈಕ್ರೋಸಾಫ್ಟ್ ತಾನೇ ಹೇಳಿದ್ದರೂ ಅದು ಪಟ್ಟಿಯ ತುಂಬ ಕಾಣಿಸಿಕೊಳ್ಳುತ್ತಿರುತ್ತದೆ. ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆಂದು ಫೋನ್ ಮಾಡುವ ವಂಚಕರು ಮೊದಲು ತೆರೆಯಿಸುವುದೂ ಈ ಪುಟವನ್ನೇ: ಅಲ್ಲಿರುವ ಕೆಂಪು ಗುರುತುಗಳನ್ನು ತೋರಿಸಿ, ನಿಮ್ಮ ಯಂತ್ರ ಹಾಳಾಗಿದೆ ಎಂದು ಹೆದರಿಸಿ, ಹಣ ಕೀಳುತ್ತಾರೆ. ಮನೆಯ ಹಿರಿಯರಿಗೆ ಈ ಒಂದು ಸಂಗತಿಯನ್ನು ದಯವಿಟ್ಟು ಹೇಳಿಡಿ. ಯಾವ ಕೆಂಪು ಗುರುತು ಮುಖ್ಯ ಎಂದು ಗೊತ್ತಿರುವವರಿಗೆ ಮಾತ್ರ ಇದು ಚಿನ್ನದ ಗಣಿ. ಡಿಸ್ಕ್ ಎಂಬ ಮೂಲದಿಂದ ಬರುವ 7 ಅಥವಾ 153ನೇ ಘಟನೆ, ಡಬ್ಲ್ಯೂಎಚ್‌ಇಎ ಎಂಬ ಮೂಲದಿಂದ ಬರುವ ಯಂತ್ರಾಂಶದ ದೂರು, ಇಂಥವನ್ನು ಕಂಡರೆ ನಾನು ಉಳಿದ ಕೆಲಸ ಬಿಟ್ಟು ಮೊದಲು ಕಡತಗಳ ನಕಲು ತೆಗೆದುಕೊಳ್ಳುತ್ತೇನೆ.

ದೂರದಲ್ಲಿರುವವರ ಯಂತ್ರಕ್ಕೆ ಪರಿಹಾರ ಹೇಳಬೇಕಾದಾಗ ನನ್ನ ಬಲಗೈ ಸಿಸ್ಟಮ್ ಇನ್ಫರ್ಮೇಶನ್, ಅಂದರೆ ಎಂಎಸ್‌ಇನ್ಫೋ32. ಬೆಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮಗಳು ಲ್ಯಾಪ್‌ಟಾಪ್‌ನಲ್ಲಿ ಧ್ವನಿ ಬರುತ್ತಿಲ್ಲವೆಂದು ಫೋನ್ ಮಾಡಿದಾಗ, ಇದನ್ನು ತೆರೆದು ಫೈಲ್ ಮೆನುವಿನಲ್ಲಿ ಸೇವ್ ಮಾಡಿ, ಆ ಕಡತವನ್ನು ಮೇಲ್ ಮಾಡಲು ಹೇಳಿದೆ. “ಮಾಮ, ಸ್ಕ್ರೀನ್ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಸಾಕಲ್ವಾ?” ಎಂದು ಕೇಳಿದಳು. ಸಾಲದು. ಪರದೆಯ ಒಂದು ಫೋಟೋದಲ್ಲಿ ಹತ್ತು ಸಾಲು ಕಂಡೀತು. ಆ ಕಡತದಲ್ಲಿ ಮದರ್‌ಬೋರ್ಡಿನ ಮಾದರಿ, ಬಯಾಸ್‌ನ ಆವೃತ್ತಿ ಮತ್ತು ತಾರೀಖು, ಪ್ರತಿಯೊಂದು ಡ್ರೈವರ್, ಓಡುತ್ತಿರುವ ಸೇವೆಗಳು, ಯಂತ್ರದ ಜೊತೆಗೇ ಶುರುವಾಗುವ ತಂತ್ರಾಂಶಗಳು, ಇತ್ತೀಚೆಗೆ ಕುಸಿದ ತಂತ್ರಾಂಶಗಳ ಪಟ್ಟಿ ಎಲ್ಲವೂ ಇರುತ್ತವೆ, ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಅವಳ ಯಂತ್ರದ ಮುಂದೆಯೇ ಕುಳಿತಂತೆ ಓದಬಹುದು. ಕಾಂಪೊನೆಂಟ್ಸ್ ವಿಭಾಗದಡಿ ‘ಪ್ರಾಬ್ಲಮ್ ಡಿವೈಸಸ್’ ಎಂಬ ಚಿಕ್ಕ ಪುಟವಿದೆ. ಆರೋಗ್ಯವಂತ ಯಂತ್ರದಲ್ಲಿ ಅದು ಖಾಲಿ ಇರುತ್ತದೆ. ಅವಳದ್ದರಲ್ಲಿ ಆಡಿಯೋ ಸಾಧನದ ಹೆಸರು ಅಲ್ಲಿ ಕುಳಿತಿತ್ತು. ತಯಾರಕರ ಜಾಲತಾಣದಿಂದ ಅದೇ ಮಾದರಿಯ ಡ್ರೈವರ್ ತಂದು ಹಾಕಿದ ಮೇಲೆ ಹತ್ತು ನಿಮಿಷದಲ್ಲಿ ಧ್ವನಿ ಮರಳಿತು.

ಇದರ ದೊಡ್ಡ ಕೊರತೆಯೆಂದರೆ ಅದು ಯಂತ್ರದಲ್ಲಿ ಏನೇನಿದೆ ಎಂದು ಹೇಳುತ್ತದೆಯೇ ಹೊರತು ಅವು ಹೇಗಿವೆ ಎಂದು ಹೇಳುವುದಿಲ್ಲ. ಪ್ರೊಸೆಸರ್ ಎಷ್ಟು ಬಿಸಿಯಾಗಿದೆ, ಡಿಸ್ಕ್ ಎಷ್ಟು ಸವೆದಿದೆ ಎಂಬುದು ಅಲ್ಲಿಲ್ಲ.

ಬ್ಯಾಟರಿ ಮತ್ತು ವೈಫೈ ವಿಷಯದಲ್ಲಿ ಆ ಕೊರತೆಯನ್ನು ಎರಡು ಆಜ್ಞೆಗಳು ತುಂಬುತ್ತವೆ. ಕಮಾಂಡ್ ಪ್ರಾಂಪ್ಟ್ ಎಂಬ, ಆಜ್ಞೆಗಳನ್ನು ಟೈಪಿಸುವ ಕಪ್ಪು ಕಿಟಕಿಯಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ತೆರಪು ಬಿಟ್ಟು, ಓರೆಗೆರೆಯ ಮುಂದೆ ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷಿನಲ್ಲಿ ಸೇರಿಸಿ ಟೈಪಿಸಿದರೆ ಬ್ರೌಸರ್‌ನಲ್ಲಿ ತೆರೆಯಬಹುದಾದ ವರದಿಯೊಂದು ತಯಾರಾಗುತ್ತದೆ. ಅದರಲ್ಲಿ ಬ್ಯಾಟರಿ ಹೊಸದಾಗಿದ್ದಾಗಿನ ಸಾಮರ್ಥ್ಯವೂ ಈಗ ಪೂರ್ತಿ ಚಾರ್ಜ್ ಆದಾಗ ಹಿಡಿಯುವ ಸಾಮರ್ಥ್ಯವೂ ಒಂದರ ಕೆಳಗೊಂದು ಇರುತ್ತವೆ. ನನ್ನದೇ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೊದಲನೆಯದು 42,000 ಮಿಲಿವ್ಯಾಟ್ ಅವರ್ ಇದ್ದರೆ ಎರಡನೆಯದು 19,740 ಇತ್ತು, ಅಂದರೆ ಶೇಕಡ 47. ಅರ್ಧಕ್ಕಿಂತ ಕೆಳಗಿಳಿದ ಬ್ಯಾಟರಿಯಿರುವಾಗ ಚಾರ್ಜ್ ನಿಲ್ಲುತ್ತಿಲ್ಲವೆಂದು ವಿಂಡೋಸನ್ನು ಮರುಸ್ಥಾಪಿಸುವುದು ವ್ಯರ್ಥ ಶ್ರಮ. ವೈಫೈ ಪದೇ ಪದೇ ಕಡಿದುಹೋಗುವುದಾದರೆ ನೆಟ್‌ಶ್ ಆಜ್ಞೆಯಿಂದ ವ್ಲ್ಯಾನ್ ವರದಿಯನ್ನು ತೆಗೆಯಬಹುದು. ಕಳೆದ ಮೂರು ದಿನಗಳಲ್ಲಿ ಸಂಪರ್ಕ ಯಾವಾಗ ಆಯಿತು, ಯಾವಾಗ ಕಡಿಯಿತು, ಯಾವ ಕಾರಣ ದಾಖಲಾಯಿತು ಎಂಬುದನ್ನು ಅದು ಚಿತ್ರಪಟದಂತೆ ಬಿಡಿಸಿಡುತ್ತದೆ. ಇದಕ್ಕೆ ಮಾತ್ರ ಆಡಳಿತಗಾರರ ಅನುಮತಿಯೊಂದಿಗೆ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು. ಇಷ್ಟು ಚೆಂದದ ವರದಿಗಳಿಗೆ ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಕೂಡ ಇಡದೆ ಕಪ್ಪು ಕಿಟಕಿಯ ಹಿಂದೆ ಬಚ್ಚಿಟ್ಟಿರುವುದನ್ನು ನಾನು ಒಪ್ಪಲಾರೆ.

ಹೊರಗಿನಿಂದ ತರಬೇಕಾದ ಒಂದೇ ತಂತ್ರಾಂಶವೆಂದು ಮೊದಲೇ ಹೇಳಿದ್ದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಜಪಾನಿನ ತಂತ್ರಜ್ಞರೊಬ್ಬರು ಉಚಿತವಾಗಿ ಕೊಡುತ್ತಿರುವ, ಮುಕ್ತ ಪರವಾನಗಿಯ ಈ ತಂತ್ರಾಂಶ ಡಿಸ್ಕುಗಳು ತಮ್ಮೊಳಗೆ ಬರೆದುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ಓದಿ ತೋರಿಸುತ್ತದೆ. ನೀಲಿ ಬಣ್ಣವಿದ್ದರೆ ಕ್ಷೇಮ, ಹಳದಿಯಿದ್ದರೆ ಎಚ್ಚರ, ಕೆಂಪಿದ್ದರೆ ಅಪಾಯ. ಆದರೆ ಬಣ್ಣವನ್ನಷ್ಟೇ ನೋಡಿ ಮುಚ್ಚಬಾರದು. ನೆರೆಮನೆಯವರ ಕಂಪ್ಯೂಟರ್ ಆಗಾಗ ನಿಂತುಬಿಡುತ್ತಿತ್ತು. ಅಂಗಡಿಯೊಂದರಲ್ಲಿ ಹಾರ್ಡ್ ಡಿಸ್ಕ್ ಸತ್ತಿದೆ, ಬದಲಿಸಬೇಕು ಎಂದಿದ್ದರು. ದಾಖಲೆ ನೋಡಿದರೆ 05, ಸಿ5, ಸಿ6 ಎಂಬ ಸಾಲುಗಳು, ಅಂದರೆ ಡಿಸ್ಕಿನ ಮೇಲ್ಮೈ ಹಾಳಾದದ್ದನ್ನು ಹೇಳುವ ಸಾಲುಗಳು, ಮೂರೂ ಸೊನ್ನೆಯಾಗಿದ್ದವು. ಏರುತ್ತಿದ್ದದ್ದು ಸಿ7 ಮಾತ್ರ. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಗಾಟದಲ್ಲಿ ಆದ ತಪ್ಪುಗಳ ಎಣಿಕೆ, ಹೆಚ್ಚಿನ ಸಲ ಬೆರಳು ತೋರಿಸುವುದು ಕೇಬಲ್ಲಿನ ಕಡೆಗೆ. ಹೊಸ ಸಾಟಾ ಕೇಬಲ್ ಹಾಕಿದೆವು. ಸಿ7ರ ಅಂಕೆ ಒಮ್ಮೆ ಏರಿದರೆ ಇಳಿಯುವುದಿಲ್ಲ, ಏರುವುದು ನಿಲ್ಲುತ್ತದೆ ಅಷ್ಟೇ. ಒಂದು ತಿಂಗಳ ನಂತರ ನೋಡಿದಾಗಲೂ ಅದೇ ಅಂಕೆ ನಿಂತಿತ್ತು, ಅದೇ ಡಿಸ್ಕ್ ಓಡುತ್ತಿತ್ತು. ಈ ತಂತ್ರಾಂಶದ ಬಗ್ಗೆ ನನಗಿರುವ ಒಂದು ತಕರಾರೆಂದರೆ, ಇದರಲ್ಲಿ ಅಂಕೆಗಳು ತಾವಾಗಿ ಹದಿನಾರರ ಪದ್ಧತಿಯಲ್ಲಿ ಕಾಣುತ್ತವೆ. ಹೊಸಬರಿಗೆ ಓದಲು ಬರುವುದಿಲ್ಲ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಎಂಬಲ್ಲಿ ರಾ ವ್ಯಾಲ್ಯೂಸ್ ಎಂಬುದನ್ನು ದಶಮಾನಕ್ಕೆ ಬದಲಿಸಿಕೊಂಡು ನಂತರ ಓದಿ.

ಬೇಸರದಿಂದ ಹೇಳಬೇಕಾದ ಸಂಗತಿಯೊಂದಿದೆ. ವಿಂಡೋಸ್ 7ರ ಜೊತೆ ಬಂದ ಸ್ಟೆಪ್ಸ್ ರೆಕಾರ್ಡರ್ ಎಂಬ ಸಾಧನ ನನಗೆ ವರ್ಷಗಳ ಕಾಲ ನೆರವಾಗಿತ್ತು. ಬಳಕೆದಾರರು ಎಲ್ಲಿ ಕ್ಲಿಕ್ ಮಾಡಿದರೂ ಅದರ ಚಿತ್ರ ತೆಗೆದು, ಕ್ರಮವಾಗಿ ಜೋಡಿಸಿ, ಒಂದೇ ಜಿಪ್ ಕಡತವಾಗಿ ಕೊಡುತ್ತಿತ್ತು. ತೊಂದರೆಯನ್ನು ಮಾತಿನಲ್ಲಿ ವಿವರಿಸಲು ಬಾರದ ಶಾಲೆಯ ಮೇಷ್ಟ್ರುಗಳು, ಅಂಗನವಾಡಿ ಕಾರ್ಯಕರ್ತೆಯರು ಇದರಿಂದ ಎಷ್ಟೋ ಸಲ ನನಗೆ ಸರಿಯಾದ ಚಿತ್ರಣ ಕಳಿಸಿದ್ದಾರೆ. ಮೈಕ್ರೋಸಾಫ್ಟ್ ಈಗ ಇದನ್ನು ನಿವೃತ್ತಿಯ ಪಟ್ಟಿಗೆ ಸೇರಿಸಿ ಸ್ನಿಪ್ಪಿಂಗ್ ಟೂಲ್ ಬಳಸಿ ಎನ್ನುತ್ತಿದೆ. ಚಿತ್ರ ತೆಗೆಯುವುದಕ್ಕೂ ಹೆಜ್ಜೆಗಳನ್ನು ದಾಖಲಿಸುವುದಕ್ಕೂ ಇರುವ ವ್ಯತ್ಯಾಸ ಅವರ ಗಮನಕ್ಕೆ ಬಂದಂತಿಲ್ಲ.

ಸಂಗ್ರಹಿಸಿದ ಮಾಹಿತಿಯನ್ನು ಯಾರ ಕೈಗೆ ಕೊಡುತ್ತೇವೆ ಎಂಬುದರಲ್ಲಿ ಜಾಗ್ರತೆ ಬೇಕು. ಸಿಸ್ಟಮ್ ಇನ್ಫರ್ಮೇಶನ್ ಕಡತದಲ್ಲಿ ಕಂಪ್ಯೂಟರಿನ ಹೆಸರು, ಬಳಕೆದಾರರ ಹೆಸರು, ಜಾಲದ ವಿಳಾಸಗಳು ಇರುತ್ತವೆ. ವ್ಲ್ಯಾನ್ ವರದಿಯಲ್ಲಿ ನೀವು ಸೇರಿಕೊಂಡ ವೈಫೈಗಳ ಹೆಸರು ಇರುತ್ತದೆ. ನೀಲಿ ಪರದೆಯ ಹೊತ್ತಿನಲ್ಲಿ ವಿಂಡೋಸ್ ಫೋಲ್ಡರಿನ ಮಿನಿಡಂಪ್‌ನಲ್ಲಿ ಉಳಿಯುವ ಕಡತದಲ್ಲಿ ಆ ಕ್ಷಣದ ಸ್ಮೃತಿಯ ಒಂದು ತುಣುಕೇ ಇರುತ್ತದೆ. ಗುರುತಿರುವ, ನಂಬಿಕೆಯ ತಂತ್ರಜ್ಞರಿಗೆ ನೇರವಾಗಿ ಮೇಲ್ ಮಾಡಿ. ನೂರಾರು ಜನರಿರುವ ಗುಂಪಿಗೆ ಹಾಕಬೇಡಿ. ಸಂಘದಂಥ ಕಡೆ ಸದಸ್ಯರ ಖಾತೆಯ ವಿವರವಿರುವ ಯಂತ್ರವಾದರೆ ಕಾರ್ಯದರ್ಶಿಯವರ ಒಪ್ಪಿಗೆ ಪಡೆದೇ ಕಡತವನ್ನು ಹೊರಗೆ ಒಯ್ಯುವುದು ನನ್ನ ಪದ್ಧತಿ.

ಒಂದೇ ಕ್ಲಿಕ್ಕಿನಲ್ಲಿ ಎಲ್ಲ ದೋಷಗಳನ್ನೂ ಹುಡುಕಿ ಸರಿಪಡಿಸುತ್ತೇವೆಂದು ಹಣ ಕೇಳುವ ತಂತ್ರಾಂಶಗಳನ್ನು ಇವುಗಳಿಗೆ ಹೋಲಿಸಿ ಎಂದು ಕೆಲವರು ಕೇಳಿದ್ದಾರೆ. ನನ್ನ ಉತ್ತರ ಒಂದೇ ಸಾಲಿನದ್ದು: ಕೊಳ್ಳಬೇಡಿ. ಅವು ತೋರಿಸುವ ಸಾವಿರಾರು ದೋಷಗಳಲ್ಲಿ ಹೆಚ್ಚಿನವು ಬ್ರೌಸರಿನ ಕುಕೀಗಳು ಮತ್ತು ತಾತ್ಕಾಲಿಕ ಕಡತಗಳು. ಯುಪಿಎಸ್‌ಗೆ ಸಿಕ್ಕಿಸಿದ ಪ್ರಿಂಟರನ್ನು ಅವು ಎಂದಿಗೂ ಕಂಡುಹಿಡಿಯಲಾರವು.

ಮನೆಬಳಕೆಯ ಒಂದೆರಡು ಯಂತ್ರಗಳಿರುವವರಿಗೂ ಹತ್ತಿಪ್ಪತ್ತು ಯಂತ್ರಗಳ ಶಾಲೆ ಅಥವಾ ಕಚೇರಿಗಳಿಗೂ ಈ ಸಾಧನಗಳು ಧಾರಾಳವಾಗಿ ಸಾಕು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಅವುಗಳನ್ನು ಬಚ್ಚಿಟ್ಟ ರೀತಿಗೆ. ಬಳಸಲು ಶುರುಮಾಡುವವರು ಇಂದೇ ಒಂದು ಕೆಲಸ ಮಾಡಿ. ಸಿಸ್ಟಮ್ ಲಾಗ್‌ನ ಗರಿಷ್ಠ ಗಾತ್ರ ಸಾಮಾನ್ಯವಾಗಿ 20 ಎಂಬಿ ಇರುತ್ತದೆ, ತುಂಬಿದೊಡನೆ ಹಳೆಯ ಘಟನೆಗಳ ಮೇಲೆ ಹೊಸವು ಬರೆಯಲ್ಪಡುತ್ತವೆ. ಇವೆಂಟ್ ವ್ಯೂವರ್‌ನಲ್ಲಿ ಅದರ ಪ್ರಾಪರ್ಟೀಸ್ ತೆರೆದು ಗಾತ್ರವನ್ನು 100 ಎಂಬಿಗೆ ಏರಿಸಿ. ಸಂಘದ ಯಂತ್ರದಲ್ಲಿ ನಾನು ಹಾಗೆ ಮಾಡಿದ್ದೇನೆ. ಗುಮಾಸ್ತರು ಪ್ರತಿ ತಿಂಗಳ ಕೊನೆಯ ಶನಿವಾರ ರಿಲಯಬಿಲಿಟಿ ಚರಿತ್ರೆ, ಸಿಸ್ಟಮ್ ಇನ್ಫರ್ಮೇಶನ್ ಮತ್ತು ಡಿಸ್ಕ್ ದಾಖಲೆಯನ್ನು ತಾರೀಖಿನ ಹೆಸರಿನ ಫೋಲ್ಡರಿನಲ್ಲಿ ಹಾಕಿ ಪೆನ್‌ಡ್ರೈವ್‌ಗೆ ತೆಗೆದಿಡುತ್ತಾರೆ. ಆ ನೋಟ್‌ಬುಕ್ ಈಗಲೂ ಕೀಬೋರ್ಡಿನ ಪಕ್ಕದಲ್ಲೇ ಇದೆ.